ಜ್ವರಕ್ಕೆ ಬರೆಸಿದ ಹೆಸರು

ಗ್ಲಾಸಿನಲ್ಲಿ ಚಹಾ ಆರಿ ಕೆನೆ ಕಟ್ಟಿತು. ಅಫ್ರೋಜ್ ಕುಡಿಯಲೂ ಇಲ್ಲ, ಬೆಂಚಿನಿಂದ ಏಳಲೂ ಇಲ್ಲ. ಇನ್ನಿಬ್ಬರು ಗಿರಾಕಿಗಳು ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದರು. ಅವರು ಹೋಗಲೆಂದು ಅಫ್ರೋಜ್ ಕಾಯುತ್ತಿದ್ದ.

ಸವಳಂಗದ ಬಸ್ ನಿಲ್ದಾಣದೆದುರು ಗಾದ್ರಪ್ಪನ ಚಹಾದಂಗಡಿ. ಹಿಂದೆಯೇ ಅವನ ಮನೆ. ತಿಂಗಳ ಕೆಳಗೆ ಆ ಮನೆಯ ಬಾಗಿಲಿಗೆ ಕೊರೊನಾ ಚೀಟಿ ಅಂಟಿಸಿದ್ದರು. ಚೀಟಿ ಹೋಗಿದ್ದರೂ ಅಂಟು ಹೋಗಿರಲಿಲ್ಲ. ಅಫ್ರೋಜ್ ಆ ಕಡೆಗೆ ಬೆನ್ನು ಮಾಡಿ ಕೂತಿದ್ದ.

ಅಂಟಿಸಿದವರು ಆಸ್ಪತ್ರೆಯವರು. ಅಂಟಿಸುವ ಹಾಗೆ ಮಾಡಿದವನು ಇವನು.

ಸಂಕ್ರಾಂತಿಯ ಮಾರನೆಯ ದಿನ ನಿಲ್ದಾಣದಲ್ಲಿ ಒಂದು ವ್ಯಾನು ನಿಂತಿತ್ತು. ಬಸ್ಸಿಳಿದವರನ್ನೆಲ್ಲ ತಡೆದು ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆಗೆ ತೆಗೆದುಕೊಳ್ಳುತ್ತಿದ್ದರು. ಗಲ್ಫ್‌ನಿಂದ ರಜೆಗೆ ಬಂದಿದ್ದ ಅಫ್ರೋಜನಿಗೆ ಎರಡು ದಿನದಿಂದ ಮೈ ಬಿಸಿ. ತಂಗಿ ಸುಮೇರಾಳ ನಿಕಾಹ್‌ಗೆ ಐದೇ ದಿನ ಉಳಿದಿತ್ತು. ತನ್ನ ಹೆಸರಿಗೆ ಪಾಸಿಟಿವ್ ಬಂದರೆ ಮನೆ ಸೀಲ್ ಆಗುತ್ತದೆ, ನಿಕಾಹ್ ನಿಲ್ಲುತ್ತದೆ. ಬರೆದುಕೊಳ್ಳುತ್ತಿದ್ದವನು ಹೊರಗಿನವನು, ಊರವರ ಮುಖ ಅರಿಯದವನು. ಹೆಸರು ಕೇಳಿದ. ಅಫ್ರೋಜನ ಕಣ್ಣು ಎದುರಿನ ಚಹಾದಂಗಡಿಯ ಬೋರ್ಡಿನ ಮೇಲೆ ಬಿತ್ತು. ಅಂಗಡಿಗೆ ಅವತ್ತು ಬೀಗ. ಗಾದ್ರಪ್ಪ ನ್ಯಾಮತಿಗೆ ಹೋಗಿದ್ದಾನೆ ಎಂದು ಪಕ್ಕದ ಹೂವಿನಾಕೆ ಯಾರಿಗೋ ಹೇಳುತ್ತಿದ್ದಳು.

ಗಾದ್ರಪ್ಪ, ಅಂದುಬಿಟ್ಟ. ಫೋನ್ ನಂಬರು ಬಾಯಿಗೆ ಬಂದದ್ದು.

ಮೂರನೆಯ ದಿನ ಗಾದ್ರಪ್ಪನ ಬಾಗಿಲಿಗೆ ಚೀಟಿ ಬಿತ್ತು. ತನಗೆ ಬಂದಿರುವುದು ಕೊರೊನಾ ಎಂದು ಅಫ್ರೋಜನಿಗೆ ತಿಳಿದದ್ದು ಹಾಗೆ. ವೀಸಾ ಕೆಲಸವೆಂದು ಮನೆಯಲ್ಲಿ ಸುಳ್ಳು ಹೇಳಿ, ನಲ್ಲೂರಿನ ಸ್ನೇಹಿತನ ಪಂಪ್‌ಸೆಟ್ ಮನೆಯಲ್ಲಿ ಒಬ್ಬನೇ ಹೋಗಿ ಮಲಗಿದ. ಸುಮೇರಾ ಅಣ್ಣನ ಮುಖ ನೋಡದೆಯೇ ಗಂಡನ ಮನೆಗೆ ಹೋದಳು.

ಅದಕ್ಕಿಂತ ಹೆಚ್ಚು ಚುಚ್ಚಿದ್ದು ಗಾದ್ರಪ್ಪನ ಮೌನ. ಚೀಟಿ ಅಂಟಿಸಲು ಬಂದವರ ಹತ್ತಿರ ಆ ಮನುಷ್ಯ ಜಗಳ ಆಡಲಿಲ್ಲವಂತೆ. ನಿಮ್ಮ ವ್ಯಾನಿನ ಹತ್ತಿರ ನಾನು ಬಂದೇ ಇಲ್ಲ ಅನ್ನಲಿಲ್ಲವಂತೆ. ತಲೆ ತಗ್ಗಿಸಿ ಒಳಗೆ ಹೋದನಂತೆ. ಅಂಗಡಿ ಮತ್ತೆ ತೆರೆದ ಮೇಲೂ ಒಲೆ ಸುಮ್ಮನೆ ಉರಿಯಿತು, ಜನ ಬರಲಿಲ್ಲ. ಈಗೀಗ ಬರುವವರೂ ಗಾಜಿನ ಗ್ಲಾಸು ಬೇಡವೆಂದು ಕಾಗದದ ಕಪ್ಪು ಕೇಳುತ್ತಾರೆ. ಅಫ್ರೋಜ್ ಬಂದಾಗ ಮಾತ್ರ ಗಾದ್ರಪ್ಪ ಮುಖ ಎತ್ತುವುದಿಲ್ಲ, ಚಹಾದ ದುಡ್ಡೂ ಮುಟ್ಟುವುದಿಲ್ಲ. ಇವನಿಗೆ ಎಲ್ಲ ಗೊತ್ತಾಗಿದೆ, ಅಂದುಕೊಂಡು ಅಫ್ರೋಜ್ ಈ ರಸ್ತೆಯನ್ನೇ ಬಿಟ್ಟಿದ್ದ.

ಮತ್ತೆ ಕರೆತಂದದ್ದು ವಿಮಾನದ ಟಿಕೆಟ್ಟು. ಎರಡು ಲಸಿಕೆ ಆಗಿದ್ದವು, ಮೈಯೂ ನೆಟ್ಟಗಿತ್ತು. ಆದರೆ ಹೊರಡುವ ಮುಂಚಿನ ಪರೀಕ್ಷೆ ಎರಡು ಸಲವೂ ಪಾಸಿಟಿವ್ ಬಂತು. ಹೊನ್ನಾಳಿಯ ಟ್ರಾವೆಲ್ಸ್‌ನ ಮತೀನ್ ಸಮಾಧಾನ ಹೇಳಿದ. ಹಳೇ ಕೊರೊನಾ ಕೆಲವರಿಗೆ ಹೀಗೆ ತೋರಿಸುತ್ತದಂತೆ. ಹದಿನೈದು ದಿನಕ್ಕಿಂತ ಹಳೆಯ ಪಾಸಿಟಿವ್ ರಿಪೋರ್ಟು, ಅದರ ಮೇಲೆ ವಾಸಿಯಾಗಿದೆ ಎಂಬ ಡಾಕ್ಟರ ಪತ್ರ, ಎರಡೂ ಇದ್ದರೆ ವಿಮಾನ ಕಂಪನಿಯವರು ಒಪ್ಪುತ್ತಾರಂತೆ. ಇಲ್ಲದಿದ್ದರೆ ಶುಕ್ರವಾರಕ್ಕೆ ವೀಸಾ ಮುಗಿಯಿತು, ಕೆಲಸವೂ ಹೋಯಿತು.

ರಿಪೋರ್ಟು ಇತ್ತು. ಗಾದ್ರಪ್ಪನ ಹೆಸರಲ್ಲಿತ್ತು.

ನ್ಯಾಮತಿಯ ಆಸ್ಪತ್ರೆಗೂ ಹೋಗಿ ಬಂದ. ತನ್ನ ಹೆಸರು ಹೇಳಲಿಲ್ಲ. ಯಾರೋ ಗೆಳೆಯನ ಕಥೆ ಎಂಬಂತೆ ನರ್ಸ್ ಸಂಧ್ಯಾರಾಣಿಯನ್ನು ಕೇಳಿದ. ಆಕೆ ನಕ್ಕಳು.

"ಯಾರ ಹೆಸರು ಐತೋ ಅವ್ರೇ ಬಂದು, ನಂಗೆ ಬಂದಿರಲಿಲ್ಲ ಅಂತ ಬರೆದುಕೊಡಬೇಕು. ನಿನ್ನ ಗೆಳೆಯ ಒಬ್ಬನೇ ಅಲ್ಲ ಬಿಡಪ್ಪ. ಆ ತಿಂಗಳು ತಮ್ಮ ನಿಜ ಹೆಸರು ಹೇಳಿದೋರು ಎಷ್ಟು ಮಂದಿ ಅಂತ ನಮಗೇ ಗೊತ್ತಿಲ್ಲ."

ಶಿವಮೊಗ್ಗದ ಬಸ್ಸು ಬಂತು. ಗಿರಾಕಿಗಳು ಎದ್ದು ಹೋದರು. ಗಾದ್ರಪ್ಪ ಪಾತ್ರೆ ತೊಳೆಯಲು ಬಗ್ಗಿದ. ಬಗ್ಗಿದ ಆ ಬೆನ್ನಿಗೇ ಅಫ್ರೋಜ್ ಹೇಳಿದ.

"ಗಾದ್ರಪ್ಪಣ್ಣ, ಅವತ್ತು ವ್ಯಾನಿನಾಗೆ ನಿನ್ನ ಹೆಸರು ಬರೆಸಿದ್ದು ನಾನು."

ಪಾತ್ರೆ ತೊಳೆಯುವ ಸದ್ದು ನಿಂತಿತು. ಅಫ್ರೋಜ್ ನಿಲ್ಲಿಸಲಿಲ್ಲ. ನಿಕಾಹ್‌ನಿಂದ ಹಿಡಿದು ಶುಕ್ರವಾರದ ತನಕ ಎಲ್ಲವನ್ನೂ ನೆಲ ನೋಡುತ್ತಲೇ ಹೇಳಿ ಮುಗಿಸಿದ. ಬೈಯಿ ಅಂದ. ಬೇಕಾದರೆ ನಿಲ್ದಾಣದಲ್ಲಿ ನಾಲ್ಕು ಜನರ ಮುಂದೆ ನಿಲ್ಲಿಸಿ ಬೈಯಿ, ಆದರೆ ನಾಳೆ ಒಂದು ಸಲ ನನ್ನ ಜೊತೆ ನ್ಯಾಮತಿಗೆ ಬಾ ಎಂದು ಕೈ ಮುಗಿದ.

ಗಾದ್ರಪ್ಪ ಟವೆಲಿಗೆ ಕೈ ಒರೆಸಿದ್ದನ್ನೇ ಒರೆಸಿದ.

"ಬರಾಕೆ ಆಗಲ್ಲ ತಮ್ಮಾ," ಎಂದ ಕೊನೆಗೆ. "ನಂಗೆ ಬಂದಿರಲಿಲ್ಲ ಅಂತ ಹೆಂಗೆ ಬರೆದುಕೊಡಲಿ?"

ಅಫ್ರೋಜನಿಗೆ ಅರ್ಥವಾಗಲಿಲ್ಲ.

"ಬಂದಿತ್ತು. ಅಂಗಡಿಗೆ ಬೀಗ ಹಾಕಿ ಅವತ್ತು ನ್ಯಾಮತಿಗೆ ಹೋಗಿದ್ದು ಅದಕ್ಕೇ. ಕೊರೊನಾ ಬಂದೋನ ಕೈಯಾಗಿನ ಚಹಾ ಯಾರು ಕುಡೀತಾರೆ ಹೇಳು? ಕದ್ದು ಪರೀಕ್ಷೆ ಮಾಡಿಸ್ಕಂಡು ಬಂದೆ. ಎರಡು ದಿನ ಬಿಟ್ಟು ಬಾಗಿಲಿಗೇ ಬಂದು ಚೀಟಿ ಹಚ್ಚಿದ್ರು. ನನ್ನ ಕಳ್ಳತನ ಸಿಕ್ಕಿಬಿತ್ತು ಅಂದ್ಕಂಡು ಸುಮ್ಮನಾದೆ."

ಅವನು ಸಕ್ಕರೆ ಡಬ್ಬಿಯ ಹಿಂದೆ ಕೈ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟಿದ್ದ ಹಾಳೆಯೊಂದನ್ನು ತೆಗೆದ. ಆಸ್ಪತ್ರೆಯ ಮೊಹರು ಹೊರಗೇ ಕಾಣುತ್ತಿತ್ತು. ಕೊಡುವಾಗಲೂ ಮುಖ ಎತ್ತಲಿಲ್ಲ.

"ಹರಿದು ಹಾಕಾಕೆ ಮನಸ್ಸಾಗಲಿಲ್ಲ. ಮೊಬೈಲ್ ನಂಬರು ಮಾತ್ರ ನಂದು ಕೊಟ್ಟಿದ್ದೆ, ಫೋನ್ ಬಂದ್ರೆ ನಾನೇ ಮಾತಾಡಿದರಾತು ಅಂತ. ಬಂದಾಗ ಊರಾಗಿಲ್ಲ ಅಂದಿದ್ದೆ, ಆ ನಂಬರು ಹಿಡ್ಕಂಡೇ ನನ್ನ ಬಾಗಿಲಿಗೆ ಬಂದ್ರು ಅಂತ ತಿಳ್ಕಂಡಿದ್ದೆ. ನೀನು ಹೆಂಗೂ ಊರು ಬಿಟ್ಟು ಹೋಗೋನು, ನಿಂಗೇನು ತೊಂದರೆ ಅಂದ್ಕಂಡೆ. ತಪ್ಪಾತು, ತಮ್ಮಾ."

ಅಫ್ರೋಜ್ ಹಾಳೆ ಬಿಚ್ಚಿದ. ಸಂಕ್ರಾಂತಿಯ ಮಾರನೆಯ ದಿನದ ತಾರೀಖು. ಪಾಸಿಟಿವ್.

ಹೆಸರು: ಅಫ್ರೋಜ್, ಸವಳಂಗ.