ಎರಡನೆಯ ತುತ್ತು

ತುತ್ತು ಝೆನೆಬುವಿನ ತುಟಿಗೆ ಬಡಿದು ಒಡೆಯಿತು. ಇಂಜೆರಾ ರೊಟ್ಟಿಯ ಸುರುಳಿ ಬಿಚ್ಚಿಕೊಂಡು, ಕೋಳಿಸಾರಿನ ಕೆಂಪೆಣ್ಣೆ ಹಬ್ಬದ ಬಿಳಿ ಉಡುಗೆಯ ಮೇಲೆಲ್ಲ ಇಳಿಯಿತು. ಅತ್ತೆ ತೆವಾಬೆಚ್ ಚಾಚಿದ ಕೈ ಹಾಗೇ ಇತ್ತು. ದೊಡ್ಡ ಉಪವಾಸ ಮುರಿಯುವ ಫಾಸಿಕಾ ಹಬ್ಬದ ದಿನ, ಮನೆ ತುಂಬ ಜನರೆದುರು, ಅತ್ತೆ ಪ್ರೀತಿಯಿಂದ ಬಾಯಿಗಿಡಲು ಬಂದ ಗುರ್ಶಾ ತುತ್ತಿಗೆ ಸೊಸೆ ಬಾಯಿ ತೆರೆದಿರಲಿಲ್ಲ.

"ನಮ್ಮಮ್ಮನ ಕೈತುತ್ತು ಕಹಿಯಾಯ್ತೇನೇ?" ಮಗ ದೆರೆಜೆ ಮೆಲ್ಲಗೆ ಕೇಳಿದ. ಅವನು ದನಿ ತಗ್ಗಿಸಿದಷ್ಟೂ ಝೆನೆಬು ಕುಗ್ಗಿದಳು.

ಪಕ್ಕದ ಮನೆಯ ವರ್ಕೆಗೆ ಇಷ್ಟೇ ಸಾಕಾಗಿತ್ತು. "ಒಂದೇ ತುತ್ತು ಕೊಟ್ಟು ಕೈ ತೊಳೆದ್ರೆ ಜಗಳ, ಎರಡನೇದು ಕೊಟ್ರೆ ಪ್ರೀತಿ ಅಂತಾರೆ ಹಿರಿಯರು. ನಿನ್ ಸೊಸೆ ಮೊದಲನೇದಕ್ಕೇ ಬಾಗಿಲು ಹಾಕ್ಬಿಟ್ಳಲ್ಲ ತೆವಾಬೆಚ್!"

ಝೆನೆಬು ಎದ್ದು ಅಡುಗೆಮನೆಗೆ ಹೋದಳು. ತೆವಾಬೆಚ್‌ಗೆ ಮೈಯೆಲ್ಲ ಉರಿದುಹೋಯಿತು. ಮದುವೆಯಾದಾಗಿನಿಂದ ನೋಡುತ್ತಿದ್ದಾಳೆ, ಮನೆಗೆ ಬಂದಾಗಲೆಲ್ಲ ತಾನು ಮಾಡಿದ್ದನ್ನು ಈ ಹುಡುಗಿ ಗುಬ್ಬಿಯಂತೆ ಚೂರು ಚೂರು ಮಾಡಿ ತಿನ್ನುತ್ತಾಳೆ, ಮಾಂಸ ಹಾಕಿದರೆ ಪಕ್ಕಕ್ಕೆ ತಳ್ಳುತ್ತಾಳೆ, ಮಾತಾಡಿಸಿದರೆ ಕಿವಿಯ ಮೇಲೆ ಕೈಯಿಟ್ಟುಕೊಳ್ಳುತ್ತಾಳೆ. ಇದೆಲ್ಲ ಜಂಬ ಅಂತಲೇ ತಿಳಿದಿದ್ದಳು. ಇವತ್ತು ಬಿಡುವುದಿಲ್ಲ ಎಂದು ಅವಳ ಬೆನ್ನಿಗೇ ನುಗ್ಗಿದಳು.

ಝೆನೆಬು ಕಾಫಿ ಹುರಿಯುವ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಬೆರಳಗಲದ ಇಂಜೆರಾ ಚೂರನ್ನು ಸಾರಿನಲ್ಲಿ ನೆನೆಸಿ ಬಾಯಿಗೆ ತೂರಿಸುತ್ತಿದ್ದಳು. ಟಕ್ ಎಂದು ಸದ್ದಾಯಿತು, ಒಣ ಪುಳ್ಳೆ ಮುರಿದಂತೆ. ಗದ್ದ ಎಡಕ್ಕೆ ವಾಲಿ, ಕಣ್ಣಲ್ಲಿ ನೀರು ಬಂತು.

ಬೈಯಲು ಬಂದ ಅತ್ತೆ ಹೊಸ್ತಿಲಲ್ಲೇ ನಿಂತಳು. ಆ ಸದ್ದನ್ನು ಅವಳು ಬಲ್ಲಳು.

"ಬೆಳಗ್ಗೆ ಏಳೋವಾಗ ಕೆನ್ನೆ ಸೆಟೆದಿರತ್ತಾ? ತಲೆ ಸಿಡಿಯತ್ತಾ? ಕಿವಿನೋವು ಅಂತ ಹೋದ್ರೆ ಕಿವಿ ಚೆನ್ನಾಗಿದೆ ಅಂತಾರಾ?"

"ನಿಮಗೆ ಹೇಗೆ ಗೊತ್ತು ಅತ್ತೆ?"

ತೆವಾಬೆಚ್ ಅವಳೆದುರು ಕೂತು ಎರಡೂ ಕಿವಿಗಳ ಮುಂದೆ ಬೆರಳಿಟ್ಟಳು. "ಬಾಯಿ ತೆಗಿ, ಆದಷ್ಟು." ಬೆರಳಿನಡಿ ಮೂಳೆ ಜಿಗಿಯಿತು. ಮೂರು ಬೆರಳು ಹಿಡಿಸಬೇಕಾದ ಬಾಯಲ್ಲಿ ಒಂದು ಬೆರಳಿಗೆ ಮಾತ್ರ ಜಾಗವಿತ್ತು. "ಇದು ದವಡೆ ಕೀಲು, ಮಗಳೇ. ನಂಗೂ ಇತ್ತು. ಆಸ್ಪತ್ರೇಲಿ ನರ್ಸು ಕೇಳಿದ್ಳು, ರಾತ್ರಿಯೆಲ್ಲ ಹಲ್ಲು ಕಡೀತೀಯಲ್ಲ, ಯಾರ ಮೇಲಮ್ಮ ಅಷ್ಟು ಸಿಟ್ಟು ಅಂತ. ನಿನ್ನ ಮಾವ ಸತ್ತ ಮೇಲೆ ತಾನಾಗೇ ಕಡಿಮೆ ಆಯ್ತು."

ಆಡಿದ ಮಾತು ಅವಳ ಕಿವಿಗೇ ಬಿತ್ತು. ಬಾಗಿಲ ಕಡೆ ನೋಡಿ, ದನಿ ಇಳಿಸಿ ಕೇಳಿದಳು: "ಹೊಡೀತಾನಾ?"

ಝೆನೆಬು ಒಲೆಯ ಕೆಂಡ ನೋಡುತ್ತಾ ಕೂತಳು. "ಗೇಟಿನ ಚಿಲಕ ಸದ್ದಾದ್ರೆ ಸಾಕು, ಹಲ್ಲು ತಾನಾಗೇ ಕಚ್ಕೊಳ್ಳತ್ತೆ. ಮದುವೇಲಿ ನೀವೇ ಹೇಳಿದ್ರಲ್ಲ ಅತ್ತೆ, ಹಲ್ಲು ಕಚ್ಕೊಂಡು ಬಾಳು ಅಂತ."

ಹೇಳಿದ್ದು ನಿಜ. ತನ್ನ ಅತ್ತೆ ತನಗೆ ಹೇಳಿದ್ದನ್ನೇ ಬುದ್ಧಿಮಾತೆಂದು ದಾಟಿಸಿದ್ದಳು. ತೆವಾಬೆಚ್‌ಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅಮ್ಮಾ, ತಪ್ಪಾಯ್ತು ಅಂದ್ಳಾ ನಿನ್ ಸೊಸೆ?" ಹಜಾರದಿಂದ ದೆರೆಜೆ ಕೂಗಿದ. "ನನಗಾದ್ರೂ ಕೊಡು ಬಾ, ಹಸಿವು!"

ತೆವಾಬೆಚ್ ಹೋಗಿ ಅವನೆದುರು ಕೂತು, ಮೊಟ್ಟೆ ಸೇರಿಸಿ ದೊಡ್ಡ ತುತ್ತು ಸುತ್ತಿದಳು. ಅವನು ಬಾಯಿ ಅಗಲಿಸಿದ. ಎಷ್ಟು ಸಲೀಸಾಗಿ ತೆರೆಯುತ್ತದೆ ಈ ಬಾಯಿ ಎಂದುಕೊಂಡು ತುತ್ತಿಟ್ಟಳು. ಅವನು ನುಂಗಿ, ಎರಡನೆಯದಕ್ಕೆ ಮತ್ತೆ ಬಾಯಿ ತೆರೆದ.

ತೆವಾಬೆಚ್ ಹೂಜಿ ಎಳೆದುಕೊಂಡು ಕೈ ತೊಳೆದಳು.

ವರ್ಕೆ ನಗು ನಿಲ್ಲಿಸಿದಳು. ದೆರೆಜೆ ಬಾಯಿ ಮುಚ್ಚಿದ. ಅವನು ನೋಡಿದ್ದು ತಾಯಿಯನ್ನಲ್ಲ, ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿಯನ್ನು. ಅವಳ ಕೆನ್ನೆಯ ಸ್ನಾಯು ಆಗಲೇ ಗಂಟುಕಟ್ಟಿತ್ತು.

"ಹೊರಡು, ಮನೆಗೆ ಹೋಗೋಣ," ಎಂದ, ಮೆಲ್ಲಗೆ.

ಅವಳು ಬರೋದಿಲ್ಲ ಎನ್ನಲು ತೆವಾಬೆಚ್ ಬಾಯಿ ತೆರೆಯಹೋದಳು. ಇಷ್ಟು ವರ್ಷ ಸುಮ್ಮನಿದ್ದ ದವಡೆ ಟಕ್ಕೆಂದು ಅರ್ಧಕ್ಕೇ ಸಿಕ್ಕಿಕೊಂಡಿತು.