ಮೇಜಿನ ಮೇಲಿನ ಕಲೆ

ಅಡ್ಡ ಕಟ್ಟಿದ ಹಗ್ಗದಾಚೆಗೆ ಕೈ ಚಾಚಿ ಮುದುಕಿ ಇಸ್ತ್ರಿಕೋಣೆಯ ಉದ್ದನೆಯ ಮೇಜನ್ನು ಸವರಿದಳು. ಸಾಲದೆಂಬಂತೆ ಮತ್ತೊಮ್ಮೆ ಸವರಿದಳು. ದುರಸ್ತಿ ಮುಗಿಸಿ ಜನರಿಗೆ ತೆರೆದ ಆ ಹಳೆಯ ಬಂಗಲೆಯನ್ನು ನೋಡಲು ಬಂದ ಉಳಿದವರು ಮುಂದಿನ ಕೋಣೆಗೆ ಸರಿದಿದ್ದರು.

"ಏನು ಹುಡುಕ್ತಿದ್ದೀರಾ ಅಜ್ಜೀ?" ಕಿಟಕಿಯ ಬೋಲ್ಟಿಗೆ ಎಣ್ಣೆ ಬಿಡುತ್ತಿದ್ದ ಬಡಗಿ ಕೇಳಿದ.

"ಇಲ್ಲೊಂದು ಸುಟ್ಟ ಕಲೆ ಇತ್ತಲ್ಲಪ್ಪಾ, ಇಸ್ತ್ರಿಪೆಟ್ಟಿಗೆ ಆಕಾರದ್ದು."

"ಅಯ್ಯೋ, ಅದರ ಸುದ್ದಿ ಎತ್ತಬೇಡಿ! ಮೂರು ವಾರ ನನ್ನ ಜೀವ ತಿಂದ್ಬಿಡ್ತು. ಕೆರೆದು, ಅದೇ ಜಾತಿ ಮರದ ತುಂಡು ಕೂರಿಸಿ, ಉಜ್ಜಿ ಉಜ್ಜಿ... ಈಗ ಎಲ್ಲಿತ್ತು ಅಂತ ನನಗೇ ಗೊತ್ತಾಗಲ್ಲ." ಅವನ ಮುಖ ಅರಳಿತ್ತು.

ಈ ಮನೆಯ ಬಟ್ಟೆಗಳಿಗೆ ಮೂವತ್ತು ವರ್ಷ ಇಸ್ತ್ರಿ ಹಾಕಿದವಳು ಆಕೆ. ಒಂದು ಮಧ್ಯಾಹ್ನ ಅಮ್ಮನಿಗೆ ನೆರವಾಗಲು ಹೋಗಿ ಎಂಟು ವರ್ಷದ ಮಗಳು ಕಾದ ಪೆಟ್ಟಿಗೆಯನ್ನು ಮೇಜಿನ ಮೇಲೇ ಮರೆತಿದ್ದಳು. ಮರುವರ್ಷ ಜ್ವರ ಆ ಮಗುವನ್ನು ಕೊಂಡೊಯ್ದಿತು. ಒಂದು ಫೋಟೊ ಕೂಡ ಇರಲಿಲ್ಲ; ಅವಳದೆಂದು ಉಳಿದದ್ದು ಆ ಕಲೆಯೊಂದೇ.

ಮುದುಕಿ ಮೆಲ್ಲಗೆ ಕೈ ಹಿಂತೆಗೆದುಕೊಂಡಳು. ಬಡಗಿ ಹೊಗಳಿಕೆಗೆ ಕಾಯುತ್ತಿದ್ದ.

"ಚೆನ್ನಾಗಿ ಮಾಡಿದ್ದೀಯ ಕಣಪ್ಪಾ," ಎಂದಳು. "ಅವತ್ತೇ ನೀನು ಸಿಕ್ಕಿದ್ರೆ ನಾನು ಮಗೂಗೆ ಹೊಡೀತಿರ್ಲಿಲ್ಲ."