ಮಂಚದ ಕೆಳಗಿನ ನಾಯಿ

“ಇದಕ್ಕೆ ತಲೆ ಕೆಟ್ಟಿದೆ ಡಾಕ್ಟ್ರೇ. ಒಂದು ಇಂಜೆಕ್ಷನ್ ಕೊಟ್ಟು ಮುಗಿಸಿಬಿಡಿ,” ಎಂದು ಗಂಡ ನಾಯಿಯನ್ನು ಮೇಜಿನ ಮೇಲೆ ಕೂರಿಸಿದ. ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು.

ಪಶುವೈದ್ಯರು ಆ ಕಂದು ನಾಯಿಯ ಕಿವಿ ಸವರಿದರು. ಅದು ಅವರ ಕೈ ನೆಕ್ಕಿತು.

“ಹೆಸರೇನು?”

“ಬೆಲ್ಲ,” ಎಂದಳು ಹೆಂಡತಿ. ಅವಳು ಬಾಯಿ ಬಿಟ್ಟಿದ್ದು ಅದೊಂದೇ ಸಲ.

“ಏನ್ ಮಾಡುತ್ತೆ ಬೆಲ್ಲ?”

“ಸಂಜೆ ನನ್ನ ಬೈಕ್ ಸದ್ದು ಕೇಳಿದ್ರೆ ಸಾಕು, ಮಂಚದ ಕೆಳಗೆ ನುಗ್ಗಿ ನಡುಗ್ತಾ ಮಲಗುತ್ತೆ. ಯಜಮಾನ ಬಂದ್ರೆ ಬಾಲ ಅಲ್ಲಾಡಿಸ್ಬೇಕಲ್ವಾ? ನೋಡಿದೋರು ಏನಂದ್ಕೊಳ್ತಾರೆ?”

“ಹೊಡೀತೀರಾ?”

“ದೇವರಾಣೆ ಇಲ್ಲ. ಇದರ ಮೇಲೆ ಒಂದು ದಿನಾನೂ ಕೈ ಮಾಡಿಲ್ಲ. ಬೇಕಾದ್ರೆ ಇವಳನ್ನೇ ಕೇಳಿ.”

ಹೆಂಡತಿ ಅವನ ಮುಖ ನೋಡಿದಳು. ಆಮೇಲೆ ಹೌದೆಂದು ತಲೆಯಾಡಿಸಿದಳು.

“ದಿನವಿಡೀ ಇದರ ಜೊತೆ ಇರೋರು ಯಾರು?”

“ಇವಳೇ. ಇವಳ ಸೆರಗು ಬಿಟ್ಟು ಕದಲಲ್ಲ ಅದು.”

“ನಾಯಿಗೆ ಯಾರ ಮೇಲೆ ಪ್ರೀತಿಯೋ ಅವರನ್ನ ನೋಡೇ ಎಲ್ಲ ಕಲಿಯುತ್ತೆ. ಹೆದರೋದನ್ನೂ,” ಎಂದರು ವೈದ್ಯರು. “ಇರಲಿ. ಏಟು ತಿಂದ ಜೀವ ಎತ್ತಿದ ಕೈ ಕಂಡ್ರೆ ಮುದುರಿಕೊಳ್ಳುತ್ತೆ. ನೋಡೇಬಿಡೋಣ, ಒಂದ್ಸಲ ಹೊಡೆಯೋ ಹಾಗೆ ಕೈ ಎತ್ತಿ.”

ಗಂಡ ನಗುತ್ತಲೇ ಕೈ ಎತ್ತಿದ.

ಬಿಸ್ಕತ್ತು ಸಿಗಬಹುದೆಂದು ನಾಯಿ ಬಾಲ ಅಲ್ಲಾಡಿಸಿತು. ಗೋಡೆಯ ಬುಡದಲ್ಲಿ ಹೆಂಡತಿ ಎರಡೂ ತೋಳುಗಳಿಂದ ಮುಖ ಮುಚ್ಚಿಕೊಂಡು ಕುಕ್ಕರಿಸಿದ್ದಳು.